ಕೇಳಿ ತಿಳಿಯೋಣ: ಹಿಮದ ಕಡಲಿನ ಮೇವನ್ನು ಅಳೆಯುವುದು ಹೇಗೆ?

ಹೋದ ತಿಂಗಳು ಪೆಂಗ್ವಿನ್‌ಗಳ ಊಟದ ಬಗ್ಗೆ ಬರೆದಿದ್ದೆ. ಅಂಟಾರ್ಕ್ಟಿಕಾದ ಸುತ್ತಲಿನ ಕಡಲಲ್ಲಿ ಸಿಗಡಿಯಂಥ ಕ್ರಿಲ್ ಎಂಬ ಸಣ್ಣ ಜೀವಿ ಇದೆ. ಪೆಂಗ್ವಿನ್, ಸೀಲ್, ತಿಮಿಂಗಿಲ ಎಲ್ಲವೂ ಅದನ್ನು ನೆಚ್ಚಿಕೊಂಡಿವೆ. ಆ ಕ್ರಿಲ್ ನೆಚ್ಚಿಕೊಂಡಿರುವುದು ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯನ್ನು. ಇಷ್ಟು ಹೇಳಿ ಮುಂದೆ ಹೋಗಿದ್ದೆ. ಆ ಪಾಚಿಯ ಮಾತಿಗೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಕೋಲಾರದಲ್ಲಿ ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವಳಿಗೆ ಇದಕ್ಕಿಂತ ಖುಷಿ ಬೇರೆ ಇಲ್ಲ. ಈ ಸಲದ ಜಾಗವೆಲ್ಲ ಪಾಚಿಗೇ.

ಪ್ರಶ್ನೆ: ಮೇಡಂ, ಬೇಸಿಗೆ ಬಂದರೆ ನಮ್ಮೂರ ಕೆರೆ ಹಸಿರು ಬಣ್ಣ ಬಳಿದ ಹಾಗೆ ಆಗುತ್ತದೆ. ಮೀನು ಸತ್ತು ತೇಲುತ್ತವೆ. ಅದಕ್ಕೆ ಪಾಚಿಯೇ ಕಾರಣ ಅಂತಾರೆ. ನೀವು ನೋಡಿದರೆ ಪಾಚಿ ಇದ್ದರೇ ಕ್ರಿಲ್ ಬದುಕುವುದು ಅಂತ ಬರೆದಿದ್ದೀರಿ. ಯಾವುದು ಸರಿ? ಅಷ್ಟು ಸಣ್ಣ ಪಾಚಿಯನ್ನು ಅಷ್ಟು ದೊಡ್ಡ ಕಡಲಲ್ಲಿ ಹೇಗೆ ಅಳೆಯುತ್ತಾರೆ?
– ಪಿಯುಸಿ ವಿದ್ಯಾರ್ಥಿನಿ, ಮುಳಬಾಗಿಲು ತಾಲ್ಲೂಕು

ಉತ್ತರ: ಎರಡೂ ಸರಿ ಕಣಮ್ಮ. ಪಾಚಿ ಅಂದರೆ ಒಂದೇ ಜಾತಿಯಲ್ಲ. ಬೇಸಿಗೆಯ ಕೆರೆಯಲ್ಲಿ ನೀನು ನೋಡುವುದು ಹೆಚ್ಚಾಗಿ ನೀಲಿ-ಹಸಿರು ಪಾಚಿ. ಚರಂಡಿ ನೀರು, ಹೊಲದಿಂದ ತೊಳೆದು ಬಂದ ಗೊಬ್ಬರ, ಬಿಸಿಲು, ನಿಂತ ನೀರು ಇಷ್ಟು ಸಿಕ್ಕರೆ ಅದು ಲೋಳೆಯಾಗಿ ಮೇಲೆ ಕೆನೆಗಟ್ಟುತ್ತದೆ. ಅದನ್ನು ತಿನ್ನುವ ಜೀವಿಗಳು ಕಡಿಮೆ. ಹಗಲು ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೂ ಉಸಿರಾಡಿ ನೀರಿನಲ್ಲಿರುವುದನ್ನು ಬರಿದು ಮಾಡುತ್ತದೆ. ಸತ್ತು ಕೊಳೆಯುವಾಗ ಇನ್ನೂ ಜಾಸ್ತಿ. ಅದಕ್ಕೇ ಬೆಳಗಿನ ಜಾವ ಮೀನುಗಳು ಬಾಯಿ ಬಿಡುತ್ತಾ ಮೇಲೆ ಬರುವುದು.

ಕ್ರಿಲ್‌ಗೆ ಒಗ್ಗುವ ಪಾಚಿ ಡಯಾಟಮ್. ಒಂದೇ ಕೋಶ, ಸುತ್ತ ಗಾಜಿನಂಥ ಸಿಲಿಕಾ ಚಿಪ್ಪು. ಆ ಕಡಲಿನ ನೀರು ತಣ್ಣಗಿರುವುದರಿಂದ ಆಮ್ಲಜನಕ ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತದೆ. ಗಾಳಿ ನೀರನ್ನು ಕಲಕುತ್ತಲೇ ಇರುತ್ತದೆ. ಕ್ರಿಲ್ ತನ್ನ ಎದೆಯ ಕಾಲುಗಳನ್ನು ಬುಟ್ಟಿಯ ಹಾಗೆ ಜೋಡಿಸಿ, ನೀರು ಸೋಸಿ, ಉಳಿದದ್ದನ್ನು ತಿನ್ನುತ್ತದೆ. ಬೆಳೆದದ್ದು 6 ಸೆಂಟಿಮೀಟರ್‌ವರೆಗೆ ಉದ್ದ, ತೂಕ ಒಂದೆರಡು ಗ್ರಾಂ ಅಷ್ಟೇ.

ಈಗ ಅಳೆಯುವ ವಿಚಾರ. ಎಲ್ಲಕ್ಕಿಂತ ಹಳೆಯ ಸಾಧನ ಒಂದು ಬಿಳಿ ತಟ್ಟೆ. 1865ರಲ್ಲಿ ಇಟಲಿಯ ಪಾದ್ರಿ, ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ ಇದನ್ನು ಮೆಡಿಟರೇನಿಯನ್ ಕಡಲಲ್ಲಿ ಇಳಿಸಿ ನೋಡಿದರು. ಹಗ್ಗ ಕಟ್ಟಿ ತಟ್ಟೆಯನ್ನು ಇಳಿಸುತ್ತಾ ಹೋಗುವುದು. ಅದು ಕಣ್ಣಿಗೆ ಮರೆಯಾದ ಆಳವನ್ನು ಬರೆದುಕೊಳ್ಳುವುದು. ಪಾಚಿ ಜಾಸ್ತಿಯಾದಷ್ಟೂ ಬೇಗ ಮರೆಯಾಗುತ್ತದೆ. 1986ರ ಅಕ್ಟೋಬರ್‌ನಲ್ಲಿ ಅಂಟಾರ್ಕ್ಟಿಕಾದ ವೆಡ್ಡೆಲ್ ಕಡಲಲ್ಲಿ ಈ ತಟ್ಟೆ ಸುಮಾರು 80 ಮೀಟರ್ ಆಳದವರೆಗೂ ಕಂಡಿತು! ಇಪ್ಪತ್ತೈದು ಅಂತಸ್ತಿನ ಕಟ್ಟಡದ ತುದಿಯಿಂದ ನೆಲದ ಮೇಲಿನ ತಟ್ಟೆ ನೋಡಿದ ಹಾಗೆ. ಅಂದರೆ ಆಗ ಆ ನೀರಿನಲ್ಲಿ ಪಾಚಿ ಇನ್ನೂ ಇರಲಿಲ್ಲ ಎನ್ನುವಷ್ಟು ಕಡಿಮೆ. ನಿಮ್ಮ ಕೆರೆಯಲ್ಲಿ ಒಂದು ಗೇಣಿಗೇ ಮರೆಯಾಗಬಹುದು.

ತಟ್ಟೆಯಿಂದ ಅಂದಾಜು ಸಿಗುತ್ತದೆ. ಲೆಕ್ಕ ಬೇಕಾದರೆ ಪಾಚಿಯ ಹಸಿರು ಬಣ್ಣವಾದ ಪತ್ರಹರಿತ್ತನ್ನೇ (ಕ್ಲೋರೊಫಿಲ್) ಹಿಡಿಯಬೇಕು. ಹಡಗಿನಿಂದ ಒಂದು ದುಂಡು ಚೌಕಟ್ಟನ್ನು ತಂತಿ ಹಗ್ಗದಲ್ಲಿ ಇಳಿಸುತ್ತಾರೆ. ಅದರ ಸುತ್ತ 12 ಅಥವಾ 24 ಬಾಟಲಿ. ಎರಡೂ ತುದಿ ತೆರೆದ ಬಾಟಲಿಗಳು ಕೆಳಗೆ ಹೋಗಿ, ಬೇಕಾದ ಆಳದಲ್ಲಿ ಒಂದೊಂದಾಗಿ ಮುಚ್ಚಿಕೊಂಡು ಆ ಆಳದ ನೀರನ್ನೇ ಹೊತ್ತು ಬರುತ್ತವೆ. ಆ ನೀರನ್ನು ಗಾಜಿನ ನಾರಿನ ಫಿಲ್ಟರಿನಲ್ಲಿ ಸೋಸುತ್ತಾರೆ. ಫಿಲ್ಟರ್ ಮೇಲೆ ಹಸಿರೋ ಕಂದೋ ಒಂದು ಮಚ್ಚೆ ಉಳಿಯುತ್ತದೆ. ಅದನ್ನು ಅಸಿಟೋನ್‌ನಲ್ಲಿ ನೆನೆಹಾಕಿ, ಕತ್ತಲಲ್ಲಿ, ತಣ್ಣಗೆ, ಸುಮಾರು ಒಂದು ದಿನ ಇಡುತ್ತಾರೆ. ಬಣ್ಣ ಅಸಿಟೋನ್‌ಗೆ ಇಳಿಯುತ್ತದೆ. ಅದಕ್ಕೆ ನೀಲಿ ಬೆಳಕು ಬಿಟ್ಟರೆ ಪತ್ರಹರಿತ್ತು ಕೆಂಪಾಗಿ ಹೊಳೆಯುತ್ತದೆ. ಹೊಳಪು ಹೆಚ್ಚಿದ್ದಷ್ಟೂ ಪತ್ರಹರಿತ್ತು ಹೆಚ್ಚು. ಅಂಟಾರ್ಕ್ಟಿಕಾದ ಸುತ್ತಲಿನ ಈ ದಕ್ಷಿಣ ಕಡಲಿನ ಬಹುಪಾಲು ಕಡೆ ಒಂದು ಘನ ಮೀಟರ್ ನೀರಿಗೆ, ಅಂದರೆ ಸಾವಿರ ಲೀಟರಿಗೆ, ಅರ್ಧ ಮಿಲಿಗ್ರಾಂ ಕೂಡ ಸಿಗುವುದಿಲ್ಲ.

ಆ ಹೊಳಪನ್ನು ನೀನೂ ನೋಡಬಹುದು. ಪಾಲಕ್ ಸೊಪ್ಪು ಜಜ್ಜಿ, ಮೆಡಿಕಲ್ ಶಾಪಿನ ಸ್ಪಿರಿಟ್‌ನಲ್ಲಿ ನೆನೆಸು. ಒಲೆ, ದೀಪ ಹತ್ತಿರ ಇರಬಾರದು. ತಿಳಿಯನ್ನು ಗಾಜಿನ ಲೋಟಕ್ಕೆ ಬಸಿದು, ಕತ್ತಲ ಕೋಣೆಯಲ್ಲಿ ಅಂಗಡಿಯವರು ನೋಟು ನೋಡುವ ನೇರಳೆ ಟಾರ್ಚ್ ಬಿಡು. ಹಸಿರು ನೀರು ರಕ್ತದ ಹಾಗೆ ಕೆಂಪಾಗುತ್ತದೆ.

ಕತ್ತಲಲ್ಲಿ ಇಡಬೇಕು ಎಂದೆನಲ್ಲ, ಅದನ್ನು ನಾನು ಕಷ್ಟಪಟ್ಟು ಕಲಿತದ್ದು. ಎಂ.ಎಸ್ಸಿ. ಓದುವಾಗ ಊರ ಪಕ್ಕದ ಕೆರೆಯ ಪಾಚಿ ಅಳೆಯುತ್ತಿದ್ದೆ. ಹನ್ನೊಂದು ಟ್ಯೂಬ್‌ಗಳನ್ನು ಕಿಟಕಿ ಪಕ್ಕ ಇಟ್ಟು ಊಟಕ್ಕೆ ಹೋಗಿದ್ದೆ. ಬರುವಷ್ಟರಲ್ಲಿ ಬಿಸಿಲು ತಿರುಗಿ ಅವುಗಳ ಮೇಲೆ ಬಿದ್ದಿತ್ತು. ಹಸಿರು ಮಾಸಿ ಕಂದು ತಿರುಗಿತ್ತು. ಒಂದು ತಿಂಗಳು ಬೆಳಗ್ಗೆ ಐದಕ್ಕೆ ಎದ್ದು ತಂದ ನೀರು. ಅವತ್ತು ಅತ್ತುಬಿಟ್ಟೆ. ಆ ಹಿಮದ ಕಡಲಿನಲ್ಲಿ, ಅಲೆಗೆ ಅಲ್ಲಾಡುವ ಹಡಗಿನ ಮೇಲೆ, ಮಂದ ದೀಪದಲ್ಲಿ ನಿಂತು ಆ ಸಣ್ಣ ಫಿಲ್ಟರ್‌ಗಳನ್ನು ಜೋಪಾನ ಮಾಡುವವರನ್ನು ನೆನೆದರೆ ನನಗೆ ಈಗಲೂ ಗೌರವ ಉಕ್ಕುತ್ತದೆ.

ಪ್ರಶ್ನೆ: ಮೇವು ಇದ್ದ ಕಡೆ ದನ ಇರುತ್ತದೆ. ಉಪಗ್ರಹದಲ್ಲಿ ಕಡಲು ಹಸಿರಾಗಿ ಕಂಡ ಕಡೆಯೆಲ್ಲ ಕ್ರಿಲ್ ಇದೆ ಅಂತ ಲೆಕ್ಕ ಹಾಕಿದರೆ ಆಯಿತಲ್ಲವೇ? ಹಡಗು ತೆಗೆದುಕೊಂಡು ಅಷ್ಟು ದೂರ ಹೋಗುವುದು ಯಾಕೆ?
– ಹೈನುಗಾರರು, ಚಿಂತಾಮಣಿ

ಉತ್ತರ: ಹಸು ಕಟ್ಟಿದವರು ಮಾತ್ರ ಕೇಳಬಹುದಾದ ಪ್ರಶ್ನೆ ಇದು. ಉತ್ತರವೂ ನಿಮ್ಮ ಹೊಲದ ಬದುವಿನಲ್ಲೇ ಇದೆ. ದೂರದಿಂದ ನೋಡಿದರೆ ಸೀಮೆಹುಲ್ಲೂ ಹಸಿರು, ಪಾರ್ಥೇನಿಯಂ ಕೂಡ ಹಸಿರು. ಹಸು ಯಾವುದಕ್ಕೆ ಬಾಯಿ ಹಾಕುತ್ತದೆ?

ಉಪಗ್ರಹ ಮಾಡುವ ಕೆಲಸ ದೊಡ್ಡದು, ಅದನ್ನು ಮೊದಲು ಹೇಳಬೇಕು. ಪತ್ರಹರಿತ್ತು ನೀಲಿ ಬೆಳಕನ್ನು ನುಂಗುತ್ತದೆ. ಹಾಗಾಗಿ ಪಾಚಿ ಹೆಚ್ಚಿದ ಕಡೆ ಕಡಲಿನ ನೀಲಿ ಕಡಿಮೆಯಾಗಿ ಹಸಿರು ಏರುತ್ತದೆ. ಅದನ್ನೇ ಮೇಲಿನಿಂದ ಅಳೆಯುವುದು. ಅಮೆರಿಕ 1978ರಲ್ಲಿ ಶುರು ಮಾಡಿತು. ನಮ್ಮ ಇಸ್ರೊ 1999ರ ಮೇ 26ರಂದು ಓಷನ್‌ಸ್ಯಾಟ್-1 ಹಾರಿಸಿತು, 2009ರಲ್ಲಿ ಎರಡನೆಯದು, 2022ರ ನವೆಂಬರ್ 26ರಂದು ಮೂರನೆಯದು. ಹಡಗು ತಿಂಗಳುಗಟ್ಟಲೆ ಅಲೆದರೂ ಕಾಣದಷ್ಟು ಕಡಲನ್ನು ಅವು ಒಂದೆರಡು ದಿನದಲ್ಲಿ ನೋಡುತ್ತವೆ.

ಆದರೆ ದಕ್ಷಿಣ ಕಡಲಿನ ಮೇಲೆ ಮೋಡ ಬಿಡುವುದೇ ಕಡಿಮೆ. ಚಳಿಗಾಲದಲ್ಲಿ ಬೆಳಕಿಲ್ಲ. ಮಂಜುಗಡ್ಡೆಯ ಕೆಳಗೆ ಕಾಣುವುದಿಲ್ಲ. ಮೇಲ್ಪದರ ಬಿಟ್ಟು ಆಳದ ಪಾಚಿಯೂ ಕಾಣುವುದಿಲ್ಲ. ಬೇರೆ ಕಡಲಿಗೆ ಹೊಂದುವ ಲೆಕ್ಕವನ್ನು ಅಲ್ಲಿಗೂ ಹಾಕಿದರೆ ಪತ್ರಹರಿತ್ತು ನಿಜಕ್ಕಿಂತ ಕಡಿಮೆ ಬರುತ್ತದೆ. ಅದನ್ನು ತೋರಿಸಿಕೊಟ್ಟದ್ದೂ ಹಡಗಿನ ಫಿಲ್ಟರ್‌ಗಳೇ.

ಇನ್ನು ಪಾರ್ಥೇನಿಯಂ ವಿಚಾರ. ಅಂಟಾರ್ಕ್ಟಿಕಾದ ಪಶ್ಚಿಮದ ಚಾಚಿನ ಬಳಿ ಹಿಮ ಕರಗಿ ಸಿಹಿನೀರು ಬೆರೆತ ಕಡೆ, ಡಯಾಟಮ್ ಬದಲು ಕ್ರಿಪ್ಟೊಫೈಟ್ ಎಂಬ ತೀರಾ ಸಣ್ಣ ಪಾಚಿ ಹೆಚ್ಚುತ್ತದೆ. ಗಾತ್ರ ಸುಮಾರು 8 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಎಂಟು ಪಾಲು. ಕ್ರಿಲ್‌ನ ಬುಟ್ಟಿಯಲ್ಲಿ ಅದು ಸರಿಯಾಗಿ ನಿಲ್ಲುವುದಿಲ್ಲ, ಸೋರಿ ಹೋಗುತ್ತದೆ. ಸಾಲ್ಪ್ ಎಂಬ ಲೋಳೆ ಪ್ರಾಣಿ ಅದನ್ನು ಆರಾಮವಾಗಿ ತಿನ್ನುತ್ತದೆ. ಪತ್ರಹರಿತ್ತಿನ ಅಂಕಿ ಎರಡು ಕಡೆಯೂ ಒಂದೇ ಇರಬಹುದು, ಒಂದು ಕಡೆ ಕ್ರಿಲ್‌ಗೆ ಹೊಟ್ಟೆ ತುಂಬುತ್ತದೆ, ಇನ್ನೊಂದು ಕಡೆ ಇಲ್ಲ. ಡೈರಿಯಲ್ಲಿ ಹಾಲು ಎಷ್ಟು ಲೀಟರ್ ಅಂತ ಮಾತ್ರ ನೋಡುತ್ತಾರೆಯೇ? ಫ್ಯಾಟ್ ನೋಡದೆ ಬಿಡುತ್ತಾರೆಯೇ? ಹಾಗೆಯೇ ಇದು. ಎಷ್ಟು ಪಾಚಿ ಎಂಬುದರ ಜತೆ ಯಾವ ಪಾಚಿ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು.

ಯಾವಾಗ ಎಂಬುದೂ ಮುಖ್ಯ. ಹದ ತಪ್ಪಿ ಬಿದ್ದ ಮಳೆ ರಾಗಿಗೆ ಆಗುವುದಿಲ್ಲ ಅಲ್ವಾ? ಕ್ರಿಲ್ ಬೇಸಿಗೆಯಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಮೊಟ್ಟೆಗಳು ನೂರಾರು ಮೀಟರ್ ಕೆಳಗೆ ಮುಳುಗಿ, ಅಲ್ಲಿ ಒಡೆದು, ಮರಿಗಳು ಮೇಲೇರಿ ಬರುತ್ತವೆ. ಬಂದ ಹೊತ್ತಿಗೆ ಪಾಚಿ ಸಿಗಬೇಕು. ದೊಡ್ಡ ಕ್ರಿಲ್ ಹಸಿವು ತಡೆಯುತ್ತದೆ. ಪ್ರಯೋಗಾಲಯದಲ್ಲಿ 200 ದಿನಕ್ಕೂ ಹೆಚ್ಚು ಉಪವಾಸ ಇದ್ದು ಬದುಕಿದೆ, ಪೊರೆ ಬಿಡುತ್ತಾ ಮೈಯನ್ನೇ ಸಣ್ಣದು ಮಾಡಿಕೊಂಡು! ಮರಿಗೆ ಆ ಶಕ್ತಿ ಇಲ್ಲ. ಚಳಿಗಾಲದಲ್ಲಿ ಮಂಜುಗಡ್ಡೆಯ ತಳಕ್ಕೆ ಅಂಟಿದ ಪಾಚಿಯನ್ನು ಕೆರೆದು ತಿಂದೇ ಅದು ಉಳಿಯಬೇಕು. ಆ ಮೇವು ಯಾವ ಉಪಗ್ರಹಕ್ಕೂ ಕಾಣುವುದಿಲ್ಲ. ಮಂಜುಗಡ್ಡೆಗೆ ತೂತು ಕೊರೆದು, ಗಡ್ಡೆಯ ತುಂಡನ್ನೇ ತೆಗೆದು ಕರಗಿಸಿ ಅಳೆಯುತ್ತಾರೆ. ಕ್ರಿಲ್ ಎಷ್ಟಿದೆ ಎಂದು ಹಡಗಿನಿಂದ ಶಬ್ದ ಬಿಟ್ಟು, ಅದರ ಮರುದನಿಯಿಂದ ಲೆಕ್ಕ ಹಾಕುತ್ತಾರೆ. ಪಾಚಿಯ ಲೆಕ್ಕ, ಕ್ರಿಲ್‌ನ ಲೆಕ್ಕ ಎರಡನ್ನೂ ಜೋಡಿಸಿ ನೋಡಿದಾಗ ಗೊತ್ತಾದದ್ದು: ಕ್ರಿಲ್ ಹೆಚ್ಚಾಗಿ ಇರುವುದು ಅತಿ ಹಸಿರಾದ ಕಡೆಯಲ್ಲ, ಹದವಾಗಿ ಹಸಿರಾದ ಕಡೆ.

ಹಡಗು ಹೋಗದ ಕಾಲದಲ್ಲಿ ಆನೆ ಸೀಲ್‌ಗಳೂ ಕೆಲಸ ಮಾಡುತ್ತವೆ. ಹಿಂದೂ ಮಹಾಸಾಗರದ ದಕ್ಷಿಣದಲ್ಲಿರುವ ಕೆರ್ಗುಲೆನ್ ದ್ವೀಪದಲ್ಲಿ ಅವುಗಳ ತಲೆಯ ಕೂದಲಿಗೆ ಸಣ್ಣ ಉಪಕರಣ ಅಂಟಿಸುತ್ತಾರೆ. ಅವು ನೂರಾರು ಮೀಟರ್ ಮುಳುಗಿ ಏಳುವಾಗ ಪತ್ರಹರಿತ್ತಿನ ಅಳತೆ ಸಿಗುತ್ತದೆ. ವರ್ಷಕ್ಕೊಮ್ಮೆ ಕೂದಲು ಉದುರುವಾಗ ಉಪಕರಣವೂ ಬಿದ್ದುಹೋಗುತ್ತದೆ.

ಪ್ರಶ್ನೆ: ಕಡಲೆಕಾಯಿ ಗಿಡ ಹಳದಿಯಾದರೆ ನಾವು ಅನ್ನಭೇದಿ ಹೊಡೆಯುತ್ತೇವೆ. ಕಡಲಿಗೂ ಅನ್ನಭೇದಿ ಹಾಕಿದರೆ ಪಾಚಿ ಬೆಳೆಯುತ್ತದೆ ಎಂದು ಎಲ್ಲೋ ಓದಿದೆ. ನಿಜವೇ?
– ರೈತರು, ಪಾವಗಡ

ಉತ್ತರ: ನಿಜ. ಅನ್ನಭೇದಿ ಅಂದರೆ ಕಬ್ಬಿಣದ ಲವಣವೇ. ಸುಣ್ಣದ ಅಂಶ ಜಾಸ್ತಿ ಇರುವ ಮಣ್ಣಿನಲ್ಲಿ ಗಿಡಕ್ಕೆ ಕಬ್ಬಿಣ ಸಿಗುವುದಿಲ್ಲ, ಎಷ್ಟು ಯೂರಿಯಾ ಕೊಟ್ಟರೂ ಎಲೆ ಹಸಿರಾಗುವುದಿಲ್ಲ. ದಕ್ಷಿಣ ಕಡಲಿನದೂ ಅದೇ ಕಥೆ. ಸಾರಜನಕ, ರಂಜಕ ಬೇಕಾದಷ್ಟಿದೆ, ಕಬ್ಬಿಣ ಇಲ್ಲ. ದ್ವೀಪಗಳ ಸುತ್ತ, ಹಿಮ ಕರಗುವ ಕಡೆ ಸ್ವಲ್ಪ ಸಿಗುತ್ತದೆ. ಕ್ರಿಲ್ ತಿಂದ ತಿಮಿಂಗಿಲದ ಸಗಣಿಯಿಂದಲೂ ಕಬ್ಬಿಣ ನೀರಿಗೆ ವಾಪಸ್ ಬರುತ್ತದೆ.

2009ರಲ್ಲಿ ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಮತ್ತು ಜರ್ಮನಿಯವರು ಸೇರಿ ಪೋಲಾರ್‌ಸ್ಟರ್ನ್ ಹಡಗಿನಲ್ಲಿ ಹೋಗಿ, 300 ಚದರ ಕಿಲೋಮೀಟರ್ ಕಡಲಿಗೆ ಅನ್ನಭೇದಿಯನ್ನೇ ಹಾಕಿ ನೋಡಿದರು. ಲೋಹಾಫೆಕ್ಸ್ ಅಂತ ಹೆಸರು. ನಮ್ಮ ಭಾಷೆಯ ‘ಲೋಹ’ವೇ ಅದು. ಪಾಚಿ ಬೆಳೆಯಿತು. ಆದರೆ ಆ ನೀರಿನಲ್ಲಿ ಸಿಲಿಕಾ ಕಡಿಮೆ ಇತ್ತು, ಡಯಾಟಮ್‌ಗೆ ಚಿಪ್ಪು ಕಟ್ಟಲು ಆಗಲಿಲ್ಲ. ಬೇರೆ ಸಣ್ಣ ಪಾಚಿಗಳು ಬೆಳೆದವು, ಅವನ್ನು ಸಣ್ಣ ಪ್ರಾಣಿಗಳು ತಿಂದು ಮುಗಿಸಿದವು. ಒಂದು ಕೊರತೆ ತುಂಬಿದರೆ ಇನ್ನೊಂದು ಕಾಣುತ್ತದೆ ಎನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಸಂಶೋಧನೆಗೆ ಬಿಟ್ಟು ಬೇರೆ ಕಾರಣಕ್ಕೆ ಹೀಗೆ ಮಾಡಬಾರದು ಎಂದು 2008ರಲ್ಲೇ ದೇಶಗಳು ತೀರ್ಮಾನಿಸಿವೆ. ನನಗೂ ಅದೇ ಸರಿ ಅನ್ನಿಸುತ್ತದೆ.

ಪ್ರಶ್ನೆ: ಮೆಡಿಕಲ್ ಶಾಪಿನಲ್ಲಿ ಕ್ರಿಲ್ ಎಣ್ಣೆಯ ಮಾತ್ರೆ ನೋಡಿದೆ. ಹಿಡಿದು ಹಿಡಿದು ಕ್ರಿಲ್ ಮುಗಿದು ಹೋಗುವುದಿಲ್ಲವೇ?
– ಗೃಹಿಣಿ, ತುಮಕೂರು

ಉತ್ತರ: ಒಟ್ಟು ಕ್ರಿಲ್ ಸುಮಾರು 30ರಿಂದ 50 ಕೋಟಿ ಟನ್ ಎಂಬ ಅಂದಾಜಿದೆ. ಹೆಚ್ಚು ಹಿಡಿಯುವ ಅಟ್ಲಾಂಟಿಕ್ ಭಾಗಕ್ಕೆ ವರ್ಷಕ್ಕೆ 6.2 ಲಕ್ಷ ಟನ್ ಮಿತಿ ಇದೆ. ಅದನ್ನು ನೋಡಿಕೊಳ್ಳುವ ಅಂತರರಾಷ್ಟ್ರೀಯ ಆಯೋಗದಲ್ಲಿ ಭಾರತವೂ ಸದಸ್ಯ. ಒಟ್ಟು ಲೆಕ್ಕದಲ್ಲಿ ಅದು ಸಣ್ಣ ಪಾಲು. ನನಗೆ ಚಿಂತೆ ಜಾಗದ್ದು. ಮರಿ ಸಾಕುವ ಪೆಂಗ್ವಿನ್ ಗೂಡಿನಿಂದ ತುಂಬಾ ದೂರ ಹೋಗಲಾರದು. ಅದು ಊಟ ಹುಡುಕುವ ಕಡೆಯೇ ಬಲೆಗಳೂ ಬಿದ್ದರೆ ಮರಿಗೆ ಏನು ಉಳಿಯುತ್ತದೆ? ಯಾವ ಜಾಗ ಬಿಡಬೇಕು ಎಂದು ಹೇಳಬೇಕಾದರೆ ಪಾಚಿಯ ಲೆಕ್ಕ ಕೈಯಲ್ಲಿರಬೇಕು.

ಮುಳಬಾಗಿಲಿನ ಹುಡುಗಿ ಪತ್ರದ ಕೊನೆಯಲ್ಲಿ, ಈ ಕೆಲಸಕ್ಕೆ ಏನು ಓದಬೇಕು ಎಂದೂ ಕೇಳಿದ್ದಾಳೆ. ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರವೋ ರಸಾಯನವೋ ತಗೋ. ಆಮೇಲೆ ಕಾರವಾರದಲ್ಲಿ ಕಡಲ ಜೀವಶಾಸ್ತ್ರ ಓದಬಹುದು. ಗೋವಾದಲ್ಲಿ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಇದೆ, ಅಂಟಾರ್ಕ್ಟಿಕಾಕ್ಕೆ ನಮ್ಮವರನ್ನು ಕಳಿಸುವುದು ಅವರೇ. ಅಲ್ಲಿಯವರೆಗೆ ಕಾಯಬೇಕಿಲ್ಲ. ಒಂದು ಅಗಲದ ಸ್ಟೀಲ್ ತಟ್ಟೆಗೆ ಬಿಳಿ ಬಣ್ಣ ಹಚ್ಚು, ಹಗ್ಗಕ್ಕೆ ಗೇಣಿಗೊಂದು ಗಂಟು ಹಾಕು. ಅಪ್ಪನನ್ನೋ ಅಣ್ಣನನ್ನೋ ಕರೆದುಕೊಂಡು ತೂಬಿನ ಮೇಲೆ ನಿಂತು ಇಳಿಸು, ನೀರಿಗೆ ಇಳಿಯಬೇಡ. ಮಳೆಗಾಲ ಮುಗಿದ ಮೇಲೆ ಒಂದು ಸಲ, ಸಂಕ್ರಾಂತಿಗೆ ಒಂದು ಸಲ, ಯುಗಾದಿಗೆ ಒಂದು ಸಲ. ಎಷ್ಟನೇ ಗಂಟಿಗೆ ತಟ್ಟೆ ಮರೆಯಾಯಿತು ಎಂದು ಬರೆದು ಕಳಿಸು. ಇಲ್ಲೇ ಅಚ್ಚು ಹಾಕೋಣ.