ಎದುರಾಳಿಗೆ ನನ್ನ ಎಲೆ ಕಾಣುತ್ತಿದೆಯಾ? – ಪ್ರತಿಕ್ರಿಯೆ

ಆನ್‌ಲೈನ್ ಪೋಕರ್‌ನಲ್ಲಿ ಒಬ್ಬ ಎದುರಾಳಿ ಐವತ್ತು ಆಟದಲ್ಲೂ ನಿಮ್ಮ ಬ್ಲಫ್‌ಗೆಲ್ಲ (ಕೆಟ್ಟ ಎಲೆ ಇದ್ದೂ ಹಣ ಏರಿಸಿದಾಗ) ಕಾಲ್ ಮಾಡ್ತಾನೆ, ಅಂದ್ರೆ ಅಷ್ಟೇ ಹಣ ಹಾಕ್ತಾನೆ, ನಿಮಗೆ ಒಳ್ಳೆ ಎಲೆ ಬಂದಾಗ ಮಾತ್ರ ಫೋಲ್ಡ್, ಅಂದ್ರೆ ಆಟ ಬಿಡ್ತಾನೆ ಅಂದಿರಲ್ಲ, ಅವನಿಗೆ ನಿಮ್ಮ ಎಲೆ ಕಾಣುತ್ತಿರಬಹುದು. ಖಚಿತವಾಗಿ ಹೇಳಲಾರೆ. ಬರೀ ಐವತ್ತು ಆಟದಲ್ಲಿ ಅದೃಷ್ಟವೂ ಹೀಗೇ ಕಾಣುತ್ತೆ.

ಮೊದಲು ಅಲ್ಲಿ ಆಡೋದು ನಿಲ್ಲಿಸಿ. ಉಳಿದವರ ಜೊತೆಗೂ ಹೀಗೇ ಆಡ್ತಾನಾ ನೋಡಿ. ನಿಮ್ಮ ಜೊತೆ ಮಾತ್ರ ಅಂದ್ರೆ ನಿಮ್ಮ ಕಂಪ್ಯೂಟರಿನಲ್ಲೇ ಸ್ಪೈವೇರ್ (ಗುಟ್ಟಾಗಿ ಮಾಹಿತಿ ಕದಿಯುವ ತಂತ್ರಾಂಶ) ಇರಬಹುದು. 2015ರಲ್ಲಿ ಸಿಕ್ಕ ಓಡ್ಲನಾರ್ ಅನ್ನೋ ಸ್ಪೈವೇರ್ ಹಾಗೇ ಪೋಕರ್ ಪರದೆಯ ಚಿತ್ರ ಕದಿಯುತ್ತಿತ್ತು. ಎಲ್ಲರ ಜೊತೆಗೂ ಅಂದ್ರೆ ಸೈಟಿನ ಒಳಗಿನವರ ಮೇಲೆ ಅನುಮಾನ ಜಾಸ್ತಿ.

ಆಮೇಲೆ ಸೈಟಿನವರಿಗೆ ಪೂರ್ತಿ ಹ್ಯಾಂಡ್ ಹಿಸ್ಟರಿ (ಪ್ರತಿ ಆಟದ ದಾಖಲೆ) ಕೇಳಿ, ಲಿಖಿತವಾಗಿ. 2007ರಲ್ಲಿ ಆಬ್ಸೊಲ್ಯೂಟ್ ಪೋಕರ್ ಸೈಟಿನ ಒಳಗಿನವರೇ ಬೇರೆಯವರ ಎಲೆ ನೋಡಿ ಆಡಿದ ಹಗರಣ ಬಯಲಾಗಿದ್ದೇ ಹೀಗೆ. ಅಲ್ಲಿನ ಒಂದು ಟೂರ್ನಿಯಲ್ಲಿ ಎರಡನೇ ಸ್ಥಾನ ಬಂದವರು ಕೇಳಿದ್ದಕ್ಕೆ ಬಂದ ಫೈಲಿನಲ್ಲಿ ಎಲ್ಲರ ಎಲೆ ಇತ್ತು, ಆಡದೆ ಸುಮ್ನೆ ನೋಡುತ್ತಿದ್ದ ಖಾತೆಯ ಐಪಿ ವಿಳಾಸವೂ (ಇಂಟರ್ನೆಟ್ ಸಂಪರ್ಕದ ಗುರುತು) ಇತ್ತು. ನಿಮ್ಮ ಟೇಬಲ್ಲಿನಲ್ಲೂ ಅಂಥ ಖಾತೆ ಇತ್ತಾ ಗಮನಿಸಿ. ಸೈಟಿನವರು ಜಾರಿಕೊಂಡರೆ, ಅವರಿಗೆ ಲೈಸೆನ್ಸ್ ಕೊಟ್ಟವರಿಗೆ ಆ ಫೈಲ್ ಸಮೇತ ದೂರು ಕೊಡಿ.