ಓರೆ ಸೊಂಟದ ಗಿಟಾರ್, ಜಾರುವ ತಂತಿ

ಪ್ರಶ್ನೆ: ಜಾಝ್‌ಮಾಸ್ಟರ್ ಮಾದರಿಯ ಗಿಟಾರ್ ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡೆ. ಜೋರಾಗಿ ಬಾರಿಸಿದರೆ ದಪ್ಪ ತಂತಿ ಬ್ರಿಡ್ಜ್ (ತಂತಿಗಳನ್ನು ಹೊರುವ ಲೋಹದ ಸೇತುವೆ) ಮೇಲೆ ಪಕ್ಕಕ್ಕೆ ಜಾರುತ್ತದೆ. ಮೇಲಿರುವ ಚಿಕ್ಕ ಸ್ವಿಚ್ ಹಾಕಿದರೆ ಸದ್ದು ಮಂಕು. ಟೋಪಿ ಬಿತ್ತಾ?
– ಓದುಗ, ಹಾಸನ

ಉತ್ತರ: ಇಲ್ಲ ಮಾರಾಯ್ರೆ. ಸ್ವಿಚ್ ವಿಷಯ ಮೊದಲು ಮುಗಿಸೋಣ. ಅದನ್ನು ಮೇಲಕ್ಕೆ ತಳ್ಳಿದರೆ ನೆಕ್ (ಗಿಟಾರ್‌ನ ಕತ್ತು) ಕಡೆಯ ಪಿಕಪ್ (ತಂತಿಯ ಕಂಪನ ಹಿಡಿಯುವ ಸಾಧನ) ಒಂದೇ ಕೆಲಸ ಮಾಡುತ್ತದೆ. ಆಗ ಕೆಳಗಿನ ನಾಬ್‌ಗಳು ಲೆಕ್ಕಕ್ಕಿಲ್ಲ, ಪಕ್ಕದ ಎರಡು ಪುಟ್ಟ ಚಕ್ರಗಳೇ ವಾಲ್ಯೂಮ್, ಟೋನ್. ಮಂದ ಸದ್ದು ಬೇಕೆಂದೇ ಕೊಟ್ಟ ಸೌಲಭ್ಯ ಅದು.

ಫೆಂಡರ್ ಕಂಪನಿ 1958ರಲ್ಲಿ ಈ ಗಿಟಾರ್ ತಂದಾಗ ಕಣ್ಣಿಟ್ಟಿದ್ದು ಜಾಝ್ ನುಡಿಸುವವರ ಮೇಲೆ. ಅವರು ಕೂತು ನುಡಿಸುವ ಜನ. ತೊಡೆ ಮೇಲೆ ಸರಿಯಾಗಿ ಕೂರಲಿ ಅಂತ ಸೊಂಟದ ತಗ್ಗುಗಳನ್ನು ಎದುರುಬದುರು ಇಡದೆ ಒಂದನ್ನು ಹಿಂದೆ, ಇನ್ನೊಂದನ್ನು ಮುಂದೆ ಮಾಡಿದರು. ಜಾಝ್‌ನವರು ಅಷ್ಟಾಗಿ ಕೊಳ್ಳಲಿಲ್ಲ ಅನ್ನಿ. ಎತ್ತಿಕೊಂಡವರು ಕ್ಯಾಲಿಫೋರ್ನಿಯಾದ ಸರ್ಫ್ ಬ್ಯಾಂಡ್‌ಗಳು, ಅಂದರೆ ಕಡಲ ಅಲೆಯಾಟದ ಮೋಜಿನ ರಾಕ್ ನುಡಿಸುತ್ತಿದ್ದ ತಂಡಗಳು.

ಈಗ ತಂತಿ. ನಿಮ್ಮ ಬ್ರಿಡ್ಜ್‌ನ ಸ್ಯಾಡಲ್‌ಗಳನ್ನು, ಅಂದರೆ ಒಂದೊಂದು ತಂತಿಯೂ ಕೂರುವ ಪುಟ್ಟ ಉರುಳೆಗಳನ್ನು, ಹತ್ತಿರದಿಂದ ನೋಡಿ. ಬೋಲ್ಟಿನ ಮೈಯಲ್ಲಿರುವಂಥ ಸಣ್ಣ ಗೀರುಗಳಿವೆ, ಅಲ್ವಾ? ತಂತಿ ಕೂರುವುದು ಅಷ್ಟು ಕಡಿಮೆ ಆಳದ ಗೀರಿನಲ್ಲಿ. ಟ್ರೆಮೊಲೊ (ಹಿಡಿಕೆ ಒತ್ತಿ ತಂತಿಗಳ ಸ್ವರ ಏರಿಳಿಸುವ ಭಾಗ) ಬ್ರಿಡ್ಜ್‌ಗಿಂತ ಬಹಳ ಹಿಂದಿದೆ. ಹಾಗಾಗಿ ತಂತಿ ಸ್ಯಾಡಲ್ ಮೇಲೆ ಹೆಚ್ಚು ಬಾಗುವುದಿಲ್ಲ, ಕೆಳಗೆ ಒತ್ತುವುದೂ ಕಡಿಮೆ. ಆ ಕಾಲದ ದಪ್ಪ ತಂತಿಗಳಿಗೆ ಬಿಗಿತ ಜಾಸ್ತಿ ಇತ್ತು, ಅವು ಜಾಗ ಬಿಡುತ್ತಿರಲಿಲ್ಲ. ಈಗ ಹೆಚ್ಚಿನವರು 9ರ ಇಲ್ಲವೇ 10ರ ತೆಳು ಸೆಟ್ ಹಾಕುತ್ತಾರೆ (ಸಂಖ್ಯೆ ಅತಿ ತೆಳುವಾದ ತಂತಿಯ ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ). ನಿಮ್ಮದೂ ಅದೇ ಇರಬೇಕು.

ಮೊದಲು 11ರ ಸೆಟ್ ಹಾಕಿ ನೋಡಿ. ಬಿಗಿತ ಹೆಚ್ಚಾಗಿ ನೆಕ್ ಬಾಗಿದರೆ ಟ್ರಸ್ ರಾಡ್ (ನೆಕ್ ಒಳಗಿನ, ಬಾಗು ಸರಿಮಾಡುವ ಲೋಹದ ಸರಳು) ಸ್ವಲ್ಪ ತಿರುಗಿಸಬೇಕಾಗುತ್ತದೆ. ಸಾಲದಿದ್ದರೆ ನೆಕ್ ಬಿಚ್ಚಿಸಿ, ಅದು ಕೂರುವ ಗುಳಿಯ ಬ್ರಿಡ್ಜ್ ಕಡೆಯ ತುದಿಗೆ ತೆಳು ಚಕ್ಕೆ ಇಡಿಸಿ. ನೆಕ್ ಹಿಂದಕ್ಕೆ ಓರೆಯಾಗುತ್ತದೆ, ಬ್ರಿಡ್ಜ್ ಎತ್ತರಿಸಬಹುದು, ತಂತಿಯ ಒತ್ತಡ ಹೆಚ್ಚುತ್ತದೆ. ರಿಪೇರಿ ಅಂಗಡಿಯಲ್ಲಿ ಇದು ಸಣ್ಣ ಕೆಲಸ. ಹೊಸ ಬ್ರಿಡ್ಜ್ ಮಾರಲು ನೋಡಿದರೆ ಸುಮ್ನೆ ಬೇಡ ಅನ್ನಿ.

ಇಷ್ಟಾದರೂ ಜಾರಿದರೆ ಮಾತ್ರ ಮಸ್ಟ್ಯಾಂಗ್ (ಫೆಂಡರ್‌ನದೇ ಇನ್ನೊಂದು ಗಿಟಾರ್) ಮಾದರಿಯ ಬ್ರಿಡ್ಜ್ ಕೊಳ್ಳಿ. ಅದರ ಪ್ರತಿ ಸ್ಯಾಡಲ್‌ಗೂ ಒಂದೇ ಕಚ್ಚು, ಆಳವಾಗಿದೆ.

ಇನ್ನೊಂದು ಮಾತು. ಬ್ರಿಡ್ಜ್ ಹಿಂದೆಮುಂದೆ ಅಲ್ಲಾಡುತ್ತದೆ ಅಂತ ಕಾಗದ ತುರುಕಬೇಡಿ. ಟ್ರೆಮೊಲೊ ಒತ್ತಿದಾಗ ತಂತಿಯ ಜೊತೆ ಅದೂ ವಾಲಬೇಕು, ಇಲ್ಲದಿದ್ದರೆ ಟ್ಯೂನಿಂಗ್ ಕೆಡುತ್ತದೆ.