ಸರ್ವಿಸ್ ಬಿಟ್ಟ ಮೇಲೆ ಸ್ಲೀಪ್ ಆಪ್ನಿಯಾ ಗೊತ್ತಾದರೆ ವಿಎ ಪರಿಹಾರ ಸಿಗುತ್ತಾ?

ಅಮೆರಿಕದ ಆರ್ಮಿ ಬಿಟ್ಟು ಮೂರು ವರ್ಷ ಆದ ಮೇಲೆ ನಿಮಗೆ ಸ್ಲೀಪ್ ಆಪ್ನಿಯಾ ಇದೆ ಅಂತ ಗೊತ್ತಾಗಿದೆ, ಸರ್ವಿಸ್ ದಾಖಲೆಯಲ್ಲಿ ಅದರ ಸುದ್ದಿಯೇ ಇಲ್ಲ, ಈಗ ವಿಎಗೆ, ಅಂದರೆ ಅಮೆರಿಕದ ಮಾಜಿ ಸೈನಿಕರ ಇಲಾಖೆಗೆ, ಕ್ಲೇಮ್ ಹಾಕಿದರೆ ಪ್ರಯೋಜನ ಇದೆಯಾ ಅಂತ ಕೇಳಿದ್ದೀರಿ. ಇದೆ. ನನ್ನದೂ ಹೆಚ್ಚುಕಮ್ಮಿ ಇದೇ ಕಥೆ.

ನಿದ್ದೆಯಲ್ಲಿ ಉಸಿರು ನಿಲ್ಲುವುದು ಮಲಗಿದವರಿಗೆ ಗೊತ್ತೇ ಆಗುವುದಿಲ್ಲ, ಅಲ್ವಾ? ಗೊತ್ತಾಗುವುದು ಪಕ್ಕದಲ್ಲಿ ಇದ್ದವರಿಗೆ. ಮೊದಲು ಅವರನ್ನು ಹುಡುಕಿ. ಫೋರ್ಟ್ ಬ್ಲಿಸ್‌ನ ಬ್ಯಾರಕ್‌ನಲ್ಲಿ ನನ್ನ ಜೊತೆ ರೂಮಿನಲ್ಲಿದ್ದವನಿಗೆ ಎಷ್ಟೋ ವರ್ಷದ ಮೇಲೆ ಫೋನ್ ಮಾಡಿದೆ. ಹೇಳುವುದಕ್ಕೆ ಮುಂಚೆಯೇ ಅವನು, ನಿನ್ನ ಗೊರಕೆ ನಿಂತಾಗಲೇ ನನಗೆ ಜಾಸ್ತಿ ಭಯ ಆಗುತ್ತಿತ್ತು ಅಂದ. ಅದನ್ನೇ ವಿಎಯ ಸಾಕ್ಷಿ ಹೇಳಿಕೆಯ 21-10210 ಫಾರ್ಮ್‌ನಲ್ಲಿ ಬರೆದುಕೊಟ್ಟ. ಸುಮ್ನೆ 'ಗೊರಕೆ ಹೊಡೆಯುತ್ತಿದ್ದ' ಅಂತ ಬರೆದರೆ ಸಾಲದು. ಯಾವ ವರ್ಷ, ಎಲ್ಲಿ, ಉಸಿರು ನಿಂತು ಏದುಸಿರು ಬಿಡುತ್ತಾ ಎದ್ದು ಕೂತಿದ್ದನ್ನು ಎಷ್ಟು ಸಲ ನೋಡಿದರು, ಎಲ್ಲಾ ಇರಬೇಕು. ಹೆಂಡತಿಯೂ ಬರೆಯಬಹುದು.

ಇದರ ಜೊತೆ ಸ್ಲೀಪ್ ಸ್ಟಡಿ (ನಿದ್ದೆಯ ಪರೀಕ್ಷೆ) ರಿಪೋರ್ಟ್ ಬೇಕೇ ಬೇಕು. ಆಮೇಲೆ ಡಾಕ್ಟರ ಪತ್ರ: ಈ ಕಾಯಿಲೆ ಸರ್ವಿಸ್‌ನಲ್ಲೇ ಶುರುವಾಗಿರುವ ಸಾಧ್ಯತೆ ಕಡೇಪಕ್ಷ ಅರ್ಧಕ್ಕರ್ಧ ಇದೆ ಅಂತ, ಕಾರಣ ಸಮೇತ.

ನೇರವಾಗಿ ಆಗದಿದ್ದರೆ ಇನ್ನೊಂದು ದಾರಿ ಇದೆ. ನೀವು ಕುವೈತ್ ಅಥವಾ ಇರಾಕ್ ಕಡೆ ಹೋಗಿದ್ದಿರಾ? ಅಲ್ಲಿನ ವಿಷದ ಹೊಗೆ-ಧೂಳಿನಿಂದ ಬಂದವು ಅಂತ ವಿಎ ತಾನೇ ಒಪ್ಪಿಕೊಳ್ಳುವ ಕಾಯಿಲೆಗಳ ಪಟ್ಟಿ 2022ರ ಪ್ಯಾಕ್ಟ್ ಕಾಯ್ದೆಯಲ್ಲಿದೆ. ಅದರಲ್ಲಿ ಸ್ಲೀಪ್ ಆಪ್ನಿಯಾ ಇಲ್ಲ, ಆದರೆ ಬಿಡದೆ ಕಾಡುವ ಸೈನಸೈಟಿಸ್, ರೈನೈಟಿಸ್ (ಸೈನಸ್ ಮತ್ತು ಮೂಗಿನ ಉರಿಯೂತ) ಇವೆ. ಅವು ಮೊದಲು ಮಂಜೂರಾಗಿ, ಮೂಗು ಕಟ್ಟಿದ್ದರಿಂದಲೇ ಇದು ಬಂತು ಅಥವಾ ಜಾಸ್ತಿಯಾಯಿತು ಅಂತ ಡಾಕ್ಟರು ಬರೆದರೆ ಅದರ ಬೆನ್ನಿಗೆ ಇದನ್ನೂ ಕೇಳಬಹುದು. ಪಿಟಿಎಸ್‌ಡಿ (ಯುದ್ಧದಂಥ ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆ) ಇದ್ದವರೂ ಹೀಗೇ ಕೇಳುತ್ತಾರೆ.

ಎಷ್ಟು ಸಿಗುತ್ತದೆ ಅಂದರೆ, ಹಗಲು ತೂಕಡಿಕೆ ಬಿಡದಿದ್ದರೆ ಶೇ. 30 ಅಂಗವೈಕಲ್ಯ ಅಂತ ಲೆಕ್ಕ, ಸಿಪ್ಯಾಪ್ ಮೆಷಿನ್ (ನಿದ್ದೆಯಲ್ಲಿ ಮಾಸ್ಕ್ ಮೂಲಕ ಗಾಳಿ ಒತ್ತುವ ಯಂತ್ರ) ಬೇಕೇ ಬೇಕು ಅಂತಾದರೆ ಶೇ. 50. ಒಂಟಿಯಾಗಿರುವವರಿಗೆ ಶೇ. 50ಕ್ಕೆ 2025ರ ದರದಲ್ಲಿ ತಿಂಗಳಿಗೆ ಸುಮಾರು 1,100 ಡಾಲರ್, ತೆರಿಗೆ ಇಲ್ಲ. ಮೆಷಿನ್‌ನಿಂದ ತೊಂದರೆ ಪೂರ್ತಿ ಹೋಗುವವರಿಗೆ ಸೊನ್ನೆ ಕೊಡಬೇಕು ಅನ್ನುವ ಪ್ರಸ್ತಾವ 2022ರಲ್ಲೇ ಬಂದಿದೆ, ಹಾಗಾಗಿ ತಡ ಮಾಡಬೇಡಿ.

ಕಾಗದಪತ್ರ ಎಲ್ಲಾ ಸೇರಲಿ ಅಂತ ಕಾಯಲೂಬೇಡಿ. 'ಇಂಟೆಂಟ್ ಟು ಫೈಲ್', ಅಂದರೆ ಕ್ಲೇಮ್ ಹಾಕುತ್ತೇನೆ ಅನ್ನುವ ಮುಂಗಡ ಸೂಚನೆ, ಇವತ್ತೇ ಹಾಕಿ. ಒಂದು ವರ್ಷದೊಳಗೆ ಪೂರ್ತಿ ಕ್ಲೇಮ್ ಕೊಟ್ಟು ಅದು ಮಂಜೂರಾದರೆ ಸಾಮಾನ್ಯವಾಗಿ ಈ ಸೂಚನೆ ಕೊಟ್ಟ ದಿನದಿಂದಲೇ ಹಣದ ಲೆಕ್ಕ ಹಿಡಿಯುತ್ತಾರೆ. ಇದು ಗೊತ್ತಿಲ್ಲದೆ ನಾನು ನಾಲ್ಕು ತಿಂಗಳ ಹಣ ಕಳೆದುಕೊಂಡೆ. ದುಡ್ಡು ಕೇಳುವ ಏಜೆಂಟರ ಹತ್ತಿರ ಹೋಗಬೇಡಿ, ಡಿಎವಿ, ವಿಎಫ್‌ಡಬ್ಲ್ಯು ಅನ್ನುವ ಮಾಜಿ ಸೈನಿಕರ ಸಂಘದವರು ಪುಕ್ಕಟೆ ಸಹಾಯ ಮಾಡುತ್ತಾರೆ. ತಿರಸ್ಕಾರ ಆದರೂ ಮತ್ತೆ ಕೇಳಲು ಒಂದು ವರ್ಷ ಸಮಯ ಇರುತ್ತದೆ. ಮೆಷಿನ್ ಮಾತ್ರ ಒಂದು ರಾತ್ರಿಯೂ ಬಿಡಬೇಡಿ.